ಪರವಾಗಿಲ್ಲ ಎಂದ ನಾಲಿಗೆ

ಸಿಟ್ಟು ಬಂದಾಗ ನನಗೆ ಮಾತು ತೊದಲುತ್ತದೆ. ಅದಕ್ಕೇ ಈ ಸಂಗತಿಯನ್ನು ಇಷ್ಟು ದಿನ ಯಾರಿಗೂ ಮೊದಲಿನಿಂದ ಕೊನೆಯವರೆಗೆ ನೆಟ್ಟಗೆ ಹೇಳಲು ಆಗಿರಲಿಲ್ಲ. ಈಗ ಹೇಳುತ್ತಿದ್ದೇನೆಂದರೆ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡಿ. ತೊದಲುವುದು ನಿಂತಿದೆ, ಅಷ್ಟೆ.

ನಮ್ಮ ಊರಿನಲ್ಲಿ ಅಡುಗೆ ಮಾಡಿದವರ ನಾಲಿಗೆಗೆ ಆ ಅಡುಗೆಯ ರುಚಿ ಹತ್ತುವುದಿಲ್ಲ. ಬೇರೆಯವರು ಮಾಡಿದ್ದರ ಉಪ್ಪು, ಹುಳಿ, ಖಾರ, ಸಿಹಿ ಎಲ್ಲವೂ ತಿಳಿಯುತ್ತದೆ. ತಾನು ಕಲಸಿ, ಕುದಿಸಿ, ಕರಿದದ್ದು ಮಾತ್ರ ಬಾಯಲ್ಲಿ ಒದ್ದೆ ಹತ್ತಿಯ ಹಾಗೆ ಹೊರಳುತ್ತದೆ. ಪರಿಮಳ ಬರುತ್ತದೆ. ಅದು ಇನ್ನೂ ಹಿಂಸೆ. ಬಾಗಿಲವರೆಗೆ ಬಂದು ಒಳಗೆ ಕಾಲಿಡದೆ ಹೊರಟುಹೋಗುವ ನೆಂಟರ ಹಾಗೆ. ಈ ಊರಿನಲ್ಲಿ ಹುಟ್ಟಿದವರು ಎಲ್ಲಿಗೆ ಹೋಗಿ ಒಲೆ ಹಚ್ಚಿದರೂ ಇದು ಬಿಡುವುದಿಲ್ಲ. ಹಾಗಾಗಿ ನಮ್ಮಲ್ಲಿ ಪ್ರತಿ ಅಡುಗೆಮನೆಗೂ ಒಬ್ಬರು ನಾಲಿಗೆಯವರು ಇರುತ್ತಾರೆ. ಒಲೆಯ ಪಕ್ಕ ಮಣೆ ಹಾಕಿ ಕೂತು, ಸೌಟಿನ ತುದಿಯಿಂದ ಅಂಗೈಗೆ ಬಿಟ್ಟ ಸಾರನ್ನು ನೆಕ್ಕಿ, ಉಪ್ಪು ಸಾಕು, ಹುಳಿ ಇನ್ನೊಂದು ಚೂರು ಬೇಕು ಎಂದು ಹೇಳುವುದು ಅವರ ಕೆಲಸ. ಮದುವೆಯ ಮಾತುಕತೆಗೆ ಬಂದ ಹೆಣ್ಣಿನ ಕಡೆಯವರು ಮೊದಲು ವಿಚಾರಿಸುವುದೇ, ನಿಮ್ಮ ಮನೆಯ ನಾಲಿಗೆ ಯಾರು ಎಂದು.

ಇದರ ಜೊತೆಗೆ ಊರಿನವರೇ ಕಟ್ಟಿಕೊಂಡ ಒಂದು ಕಟ್ಟಳೆಯಿದೆ. ಮನೆಯ ನಾಲಿಗೆಯವರ ಹೊರತು ಬೇರೆ ಯಾರೂ ಅಡುಗೆ ಮಾಡಿದವರ ಎದುರು ರುಚಿಯ ಮಾತೆತ್ತಬಾರದು. ಹಿಂದೆ ಒಬ್ಬರು ಹೀಗೆ, ಇನ್ನೊಬ್ಬರು ಹಾಗೆ ಹೇಳಿ ಮನೆಮನೆಗಳಲ್ಲಿ ಜಗಳಗಳಾಗಿದ್ದವಂತೆ. ಬಂದವರು ಉಂಡು ಕೈತೊಳೆದು "ಊಟ ಆಯ್ತು" ಎನ್ನುತ್ತಾರೆ. ಕಟ್ಟಿಕೊಂಡ ಗಂಡನೂ "ಆಯ್ತು" ಎನ್ನುತ್ತಾನೆ. ಮಕ್ಕಳಿಗೆ ಮಾತು ಕಲಿಸುವಾಗಲೇ ಈ ಸುಮ್ಮನಿರುವುದನ್ನೂ ಕಲಿಸುತ್ತಾರೆ.

ತವರಿನಲ್ಲಿ ನನ್ನ ನಾಲಿಗೆ ನಮ್ಮಮ್ಮ. ನಾನು ಮೊದಲ ಬಾರಿ ಅಕ್ಕಿರೊಟ್ಟಿ ತಟ್ಟಿದ ದಿನ ಅಮ್ಮ ತಿಂದು, "ನಿನ್ನ ಕೈ ಚೆನ್ನಾಗಿದೆ ಕಣೇ ಇಂದೂ" ಎಂದಿದ್ದಳು. ಮದುವೆಯಾಗಿ ಈ ಮನೆಗೆ ಬಂದ ಮೇಲೆ, ಅದು ಹೆತ್ತವಳ ಪ್ರೀತಿಯ ಮಾತು, ರುಚಿಯ ಮಾತಲ್ಲ ಎಂದು ನಾನೇ ತೀರ್ಮಾನಿಸಿಕೊಂಡೆ. ಯಾಕೆಂದರೆ ಇಲ್ಲಿ ನನ್ನ ನಾಲಿಗೆ ನೀಲಾಂಬಿಕೆ ಅತ್ತಿಗೆ.

ನೀಲಾಂಬಿಕೆ ಅತ್ತಿಗೆ ನನ್ನ ಗಂಡ ಚಂದ್ರಮೌಳಿಯವರ ಅಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು ನೆಲೆಸಿದವರು. ಬೆನ್ನು ನೆಟ್ಟಗಿಟ್ಟು ಕೂರುವ, ಸೆರಗು ಒಂದು ಎಳೆಯೂ ಜಾರದಂತೆ ಉಡುವ ಹೆಂಗಸು. ಅವರ ನಾಲಿಗೆ ಇಡೀ ಬೀದಿಗೆ ಹೆಸರಾದದ್ದು. ಬೆಲ್ಲದ ಚೂರು ನೆಕ್ಕಿ ಅದು ಯಾವ ಆಲೆಮನೆಯದು ಎಂದು ಹೇಳಬಲ್ಲರು ಎನ್ನುತ್ತಿದ್ದರು. ಅಂಥವರು ನನ್ನ ಅಡುಗೆ ಚಪ್ಪರಿಸಿ ಮೊದಲ ದಿನ ಹೇಳಿದ್ದು "ಪರವಾಗಿಲ್ಲ." ಆಮೇಲಿನ ದಿನಗಳಲ್ಲೂ ಅದೇ. ಉಪ್ಪು ಹುಳಿಯ ತಿದ್ದುಪಡಿ ಸರಿಯಾಗಿಯೇ ಹೇಳುತ್ತಿದ್ದರು, ಅದರಲ್ಲಿ ಮೋಸವಿರಲಿಲ್ಲ. ಆದರೆ ಎಲ್ಲ ಮುಗಿದ ಮೇಲೆ ಕೈ ಒರೆಸಿಕೊಂಡು, ಗೋಡೆಯ ಕಡೆ ನೋಡುತ್ತ "ಪರವಾಗಿಲ್ಲ." ಹಬ್ಬದ ಹೋಳಿಗೆಗೂ ಅದೇ, ಜ್ವರದ ಗಂಜಿಗೂ ಅದೇ. ನಾನು ನನ್ನನ್ನು ಸಾಧಾರಣ ಕೈಯವಳು ಎಂದು ಒಪ್ಪಿಕೊಂಡು ಬಾಳಿದೆ. ಬೀದಿಯಲ್ಲಿ ಯಾರದಾದರೂ ಮನೆಯಲ್ಲಿ ಶುಭಕಾರ್ಯವಾದರೆ ಎಲ್ಲರೂ ಒಂದೊಂದು ತಿಂಡಿ ಮಾಡಿ ಒಯ್ಯುತ್ತಿದ್ದರು. ನಾನು ಬಾಳೆಎಲೆ ಒರೆಸಲು, ನೀರು ಬಡಿಸಲು ಹೋಗುತ್ತಿದ್ದೆ.

ಹೀಗಿರುವಾಗ ಎದುರು ಮನೆಗೆ ಫಿಲೋಮಿನಾ ಎಂಬ ನರ್ಸ್ ಬಾಡಿಗೆಗೆ ಬಂದಳು. ಬೇರೆ ಊರಿನವಳು, ತಾನು ಮಾಡಿದ್ದನ್ನು ತಾನೇ ಚಪ್ಪರಿಸಿಕೊಂಡು ತಿನ್ನುವುದನ್ನು ಕಂಡು ನಮಗೆಲ್ಲ ಹೊಟ್ಟೆಯುರಿ. ಅವಳು ಒಂದು ಭಾನುವಾರ ಡೋನಟ್ ಮಾಡಿ, ಮೇಲೆ ಸಕ್ಕರೆ ಉದುರಿಸಿ, ನನ್ನನ್ನು ಕರೆದು ಕೊಟ್ಟಳು. ಹೊರಗೆ ತೆಳ್ಳಗೆ ಗರಿಗರಿ, ಒಳಗೆ ಉಸಿರು ತುಂಬಿದಂಥ ಮೆದು. ಹೇಗೆ ಮಾಡುವುದೆಂದು ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಿದಳು. ಸ್ವಲ್ಪ ದಿನಕ್ಕೆ ಅವಳಿಗೆ ವರ್ಗವಾಯಿತು. ಅವಳು ಬೇಲಿಗೆ ಹಬ್ಬಿಸಿದ್ದ ಬಳ್ಳಿ ಉಳಿಯಿತು. ಅದರ ಹಣ್ಣನ್ನು ನಾವು ಶರಬತ್ತಿನ ಹಣ್ಣು ಎನ್ನುತ್ತೇವೆ. ಸುಕ್ಕುಗಟ್ಟಿದ ಸಿಪ್ಪೆ ಒಡೆದರೆ ಒಳಗೆ ಕಪ್ಪು ಬೀಜ ತುಂಬಿದ ಹಳದಿ ರಸ, ಮೂಗಿಗೆ ಹಬ್ಬ, ಬಾಯಿಗೆ ಹುಳಿ. ಡೋನಟ್ಟಿನ ಮೇಲೆ ಬರೀ ಸಕ್ಕರೆ ಯಾಕೆ, ಈ ಹಣ್ಣಿನ ಪಾಕ ಹೊದಿಸಿದರೆ ಹೇಗೆ ಎಂದು ನನಗೆ ಹೊಳೆಯಿತು. ಫಿಲೋಮಿನಾ ಅದನ್ನು ಹೇಳಿಕೊಟ್ಟಿರಲಿಲ್ಲ. ಅದು ನನ್ನದೇ ಯೋಚನೆ. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ರುಚಿ ನೋಡಲಾಗದವರು ಕೈಯಿಂದ, ಕಣ್ಣಿನಿಂದ, ಕಿವಿಯಿಂದ ಅಡುಗೆ ಮಾಡಬೇಕು. ಉಗುರುಬೆಚ್ಚಗಿನ ಹಾಲಿಗೆ ಸಕ್ಕರೆ, ಈಸ್ಟ್ ಹಾಕಿ ನೊರೆ ಏಳುವವರೆಗೆ ಕಾಯುತ್ತಿದ್ದೆ. ಫಿಲೋಮಿನಾ ಮೊಟ್ಟೆ ಒಡೆದು ಹಾಕುತ್ತಿದ್ದಳು, ನಮ್ಮ ಮನೆಯಲ್ಲಿ ಅದು ನಡೆಯುವುದಿಲ್ಲವಾದ್ದರಿಂದ ನಾನು ಗಟ್ಟಿ ಮೊಸರು ಹಾಕಿದೆ. ಮೈದಾ, ಬೆಣ್ಣೆ, ಚಿಟಿಕೆ ಜಾಯಿಕಾಯಿ ಪುಡಿ. ಹಿಟ್ಟು ಮೊದಲು ಕೈಗೆ ಅಂಟಿ ಹಟ ಮಾಡುತ್ತದೆ. ನಾದುತ್ತ ಹೋದರೆ ಒಂದು ಗಳಿಗೆಯಲ್ಲಿ ಇದ್ದಕ್ಕಿದ್ದಂತೆ ಮಗುವಿನ ಕೆನ್ನೆಯ ಹಾಗಾಗುತ್ತದೆ. ಒದ್ದೆ ಬಟ್ಟೆ ಮುಚ್ಚಿಟ್ಟು, ಉಬ್ಬಿದ ಮೇಲೆ ಲಟ್ಟಿಸಿ, ಲೋಟದ ಬಾಯಿಂದ ಒತ್ತಿ ಬಿಲ್ಲೆ ಮಾಡಿ, ನಡುವೆ ಔಷಧಿ ಶೀಶೆಯ ಮುಚ್ಚಳದಿಂದ ತೂತು ತೆಗೆಯುತ್ತಿದ್ದೆ. ಸಣ್ಣ ಉರಿಯಲ್ಲಿ ಕರಿಯುವಾಗ ಎಣ್ಣೆಯ ಸದ್ದು ತಗ್ಗಿತೆಂದರೆ ತಿರುವಿಹಾಕಬೇಕು. ಹಣ್ಣಿನ ರಸ ಸೋಸಿ, ಸಕ್ಕರೆ ಸೇರಿಸಿ, ಬೆರಳುಗಳ ನಡುವೆ ಎಳೆ ಬರುವಷ್ಟು ಕಾಯಿಸಿ, ಆಮೇಲೆ ಸ್ವಲ್ಪ ಬೀಜಗಳನ್ನು ಮತ್ತೆ ಬೆರೆಸಿ, ಬಿಸಿ ಡೋನಟ್ಟಿನ ಒಂದು ಮಗ್ಗುಲನ್ನು ಅದರಲ್ಲಿ ಅದ್ದಿ ತೆಗೆಯುವುದು. ಆರಿದಂತೆ ಪಾಕ ಗಾಜಿನ ಹಾಗೆ ಹೊಳೆಯುತ್ತಿತ್ತು. ಅಡುಗೆಮನೆ ತುಂಬ ಘಮ. ಮೊದಲ ಸಲ ಮಾಡಿದ ದಿನ ಒಂದನ್ನು ಕಚ್ಚಿ ನೋಡಿದೆ. ಒದ್ದೆ ಹತ್ತಿ.

ಅತ್ತಿಗೆ ಅರ್ಧ ತಿಂದರು. ತಿನ್ನುವುದನ್ನು ನಿಲ್ಲಿಸಿದರು. ಮಿಕ್ಕರ್ಧವನ್ನೂ ತಿಂದರು.

"ಹೇಗಿದೆ ಅತ್ತಿಗೆ?"

"ಎಣ್ಣೆ ಕುಡಿದಿದೆ. ಹುಳಿ ಎಲ್ಲೋ, ಸಿಹಿ ಎಲ್ಲೋ. ಬಿಡು, ಹೊಸದಲ್ವಾ, ಪರವಾಗಿಲ್ಲ. ಮನೇಲಿ ಇಷ್ಟೊಂದು ಯಾರು ತಿಂತಾರೆ? ಹಿಂದಿನ ಬೀದಿ ಹಸುಗಳಿಗೆ ಹಾಕಿ ಬರ್ತೀನಿ."

ನನ್ನ ಗಂಡ ಅದಕ್ಕೆ ಮುಂಚೆಯೇ ತಟ್ಟೆಯಿಂದ ಒಂದಾದ ಮೇಲೊಂದು ತಿಂದಿದ್ದರು. ಅವರು ಏನು ಕೊಟ್ಟರೂ ತಿನ್ನುವವರು ಎಂದು ನಾನು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅತ್ತಿಗೆ ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ಹೊರಟರು.

ನಾನು ಹಟದವಳು. ಮುಂದಿನ ವಾರ ಮತ್ತೆ ಮಾಡಿದೆ. ಅತ್ತಿಗೆಯೇ ಹುರಿದುಂಬಿಸಿದರು: "ಕೈ ಪಳಗಬೇಕಾದ್ರೆ ಜಾಸ್ತಿ ಜಾಸ್ತಿ ಮಾಡ್ಬೇಕು ಇಂದುಮತಿ. ಹತ್ತು ಮಾಡಿದ್ರೆ ಏನು ಗೊತ್ತಾಗುತ್ತೆ?" ಜಾಸ್ತಿ ಮಾಡಿದೆ. ಪ್ರತಿ ಸಲವೂ ಎಣ್ಣೆ ಕುಡಿದಿತ್ತು, ಇಲ್ಲವೇ ಹಿಟ್ಟು ಹುಳಿಯಾಗಿತ್ತು, ಇಲ್ಲವೇ ಪಾಕ ಕಟ್ಟಿರಲಿಲ್ಲ. ಪ್ರತಿ ಸಲವೂ ಡಬ್ಬಿ ಹಸುಗಳಿಗೆ ಹೋಯಿತು.

ಅದೇ ದಿನಗಳಲ್ಲಿ ಊರಿನಲ್ಲಿ ಹೊಸ ಮಾತು ಹುಟ್ಟಿತು. ಗಡಿಯಾರದ ಸರ್ಕಲ್ಲಿನ ಬೇಕರಿಯಲ್ಲಿ ಹಣ್ಣಿನ ಪಾಕದ ಡೋನಟ್ ಬರುತ್ತಿದೆಯಂತೆ, ಬಂದ ಗಳಿಗೆಯಲ್ಲೇ ಮುಗಿದುಹೋಗುತ್ತದಂತೆ. ಆ ಬೇಕರಿ ಅತ್ತಿಗೆಯ ಗಂಡ ಹಾಕಿದ್ದು. ಅವರು ಹೋದ ಮೇಲೆ ಅವರ ತಮ್ಮ ಗುರುಪಾದಪ್ಪ ನಡೆಸುತ್ತಿದ್ದ. ಅವನ ಬನ್ನು ಗೋಡೆಗೆ ಹೊಡೆದರೆ ಗೋಡೆಗೇ ಪೆಟ್ಟಾಗುವಂಥದ್ದು. ಅಂಥವನಿಗೂ ಡೋನಟ್ ಒಲಿಯಿತು, ನನಗೆ ಒಲಿಯಲಿಲ್ಲವಲ್ಲ ಎಂದು ನನಗೆ ಅವಮಾನವಾಯಿತು. ಒಂದು ತಂದುಕೊಡಿ, ತಿಂದು ಕಲಿಯುತ್ತೇನೆ ಎಂದು ಅತ್ತಿಗೆಯನ್ನು ಕೇಳಿಕೊಂಡೆ. ಹೋಗಿಬಂದಾಗಲೆಲ್ಲ "ಮುಗಿದುಹೋಗಿತ್ತು ಕಣೇ" ಎನ್ನುತ್ತಿದ್ದರು.

ಪಕ್ಕದ ಮನೆಯ ಕನಕಮ್ಮನ ಸೊಸೆಗೆ ಸೀಮಂತ. ಅತ್ತಿಗೆ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದರು, ನಾನೊಬ್ಬಳೇ ಹೋದೆ. ಆರತಿ, ಹಸಿರು ಬಳೆ, ಹಾಡು ಎಲ್ಲ ಮುಗಿದು ತಿಂಡಿಯ ತಟ್ಟೆಗಳು ಬಂದವು. ಚಕ್ಕುಲಿ, ಕೋಸಂಬರಿ, ಅದರ ಪಕ್ಕ ಒಂದು ಡೋನಟ್. ಬೇಕರಿಯಿಂದ ಮುಂಚೆಯೇ ಹೇಳಿ ತರಿಸಿದ್ದು ಎಂದು ಕನಕಮ್ಮ ಹೆಮ್ಮೆಯಿಂದ ಹೇಳಿದರು. ಹಳದಿ ಪಾಕ, ಅಲ್ಲಲ್ಲಿ ಕಪ್ಪು ಬೀಜ. ನನ್ನದನ್ನು ನೋಡಿದ ಹಾಗೇ ಇದೆ, ಆ ಹಣ್ಣಿನ ಬಳ್ಳಿ ಅವನಿಗೆಲ್ಲಿ ಸಿಕ್ಕಿತು ಎಂದುಕೊಳ್ಳುತ್ತ, ಅಂತೂ ಕಲಿಯಲು ಸಿಕ್ಕಿತಲ್ಲ ಎಂಬ ಆಸೆಯಿಂದ ಕಚ್ಚಿದೆ.

ಏನೂ ಇಲ್ಲ.

ನೆಗಡಿಯಾಗಿದೆಯೇ ಎಂದುಕೊಂಡೆ. ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡೆ. ಎಳ್ಳು, ಓಮ, ಉಪ್ಪು, ಎಲ್ಲ ಇತ್ತು. ಕೋಸಂಬರಿಯ ನಿಂಬೆ ಹುಳಿ ಚುರುಕಾಗಿತ್ತು. ಮತ್ತೆ ಡೋನಟ್ ಕಚ್ಚಿದೆ. ಒದ್ದೆ ಹತ್ತಿ. ಬೆರಳಿಗೆ ಅಂಟಿದ ಪಾಕ ನೆಕ್ಕಿದೆ. ಅದೂ ಅಷ್ಟೆ. ಈ ಊರಿನಲ್ಲಿ ಹುಟ್ಟಿದವಳಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಸುತ್ತ ಕೂತ ಹೆಂಗಸರು ಮಾತಾಡುತ್ತಿದ್ದರು. ಮಾಡಿದವನು ಎದುರಿಗಿಲ್ಲವೆಂದು ಅವರ ನಾಲಿಗೆಗಳಿಗೆ ಬಿಡುಗಡೆಯಾಗಿತ್ತು. ಒಬ್ಬಳು ಕಣ್ಣು ಮುಚ್ಚಿಕೊಂಡು, "ಮೊದಲು ಹುಳಿ ಬರುತ್ತೆ ನೋಡು, ಬಂದು ಹಾಗೇ ಸಿಹಿಯೊಳಗೆ ಕರಗಿಹೋಗುತ್ತೆ" ಎಂದಳು. ಇನ್ನೊಬ್ಬಳು, "ಬಾಯಿಗಿಟ್ರೆ ಬೆಣ್ಣೆ ಥರ. ಒಂದು ತೊಟ್ಟು ಎಣ್ಣೆ ಇಲ್ಲ" ಎಂದಳು. ಬಸುರಿ ಹುಡುಗಿ ತನ್ನದು ಮುಗಿಸಿ ಅತ್ತೆಯ ತಟ್ಟೆಗೆ ಕೈಹಾಕಿದಳು. "ವಾಂತಿ ಶುರುವಾದಾಗಿಂದ ಬಾಯಿಗೆ ರುಚಿಯಾಗಿದ್ದು ಇದೊಂದೇ ಅತ್ತೆ." ಮದುವೆಯಾಗಿ ಬಂದಾಗಿನಿಂದ ನಾನು ಕೇಳದೇ ಇದ್ದ ಮಾತುಗಳು ಅಲ್ಲಿ ಬೇರೊಬ್ಬನ ಹೆಸರಿನಲ್ಲಿ ಉದುರುತ್ತಿದ್ದವು. ನನಗೆ ಅಳು ಬರಬೇಕಾಗಿತ್ತು. ಬರಲಿಲ್ಲ.

"ಇದು ನಾನು ಮಾಡಿದ್ದು" ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. "ಇ-ಇದು ನಾನು ಮಾಡಿದ್ದು. ನನಗೆ ರುಚಿ ಹತ್ತುತ್ತಾ ಇಲ್ಲ" ಎಂದೆ ಮತ್ತೆ. ತೊದಲು ಶುರುವಾಗಿತ್ತು. ಕನಕಮ್ಮ ನನ್ನ ಪಕ್ಕ ಬಂದು ಕೂತು ಕೈ ಹಿಡಿದುಕೊಂಡರು. ದನಿ ತಗ್ಗಿಸಿ, ಮಗುವಿಗೆ ಹೇಳುವ ಹಾಗೆ ಹೇಳಿದರು: "ರುಚಿ ಹತ್ತಲಿಲ್ಲ ಅಂತ ಯಾರು ಬೇಕಾದ್ರೂ ಹೇಳಬಹುದಮ್ಮ. ನಿನ್ನ ಅಡುಗೆ ವಿಷಯ ನಿಮ್ಮ ನೀಲಾಂಬಿಕೆ ನಮಗೆ ಹೇಳಿಲ್ವಾ? ಎಲ್ಲರಿಗೂ ಎಲ್ಲ ಬರಲ್ಲ. ಇನ್ನೊಬ್ಬರ ಅನ್ನದ ಮೇಲೆ ಹೀಗೆ ಕಣ್ಣು ಹಾಕಬಾರದು."

ಕನಕಮ್ಮ ಎಷ್ಟು ಸಲ ನಮ್ಮ ಮನೆಯಲ್ಲಿ ಉಂಡಿದ್ದರು. ನಾನು ಬಡಿಸಿದ್ದನ್ನು ಎರಡೆರಡು ಬಾರಿ ಹಾಕಿಸಿಕೊಂಡು ಉಂಡ ಹೆಂಗಸು, ತನ್ನ ಬಾಯಿಗೆ ತಿಳಿದದ್ದಕ್ಕಿಂತ ಅತ್ತಿಗೆಯ ಮಾತನ್ನೇ ನಂಬಿಕೊಂಡು ಕೂತಿದ್ದಳು. ಕೈ ಬಿಡಿಸಿಕೊಂಡು ಎದ್ದು ಬಂದೆ.

ಮನೆಗೆ ಬಂದು ಮೊದಲು ಗಂಡನನ್ನು ಹಿಡಿದೆ. ಅವರು ಹಿತ್ತಲಲ್ಲಿ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು.

"ನಾನು ಮಾಡೋ ಡೋನಟ್ ಹೇಗಿರುತ್ತೆ ಹೇಳಿ."

"ಅಕ್ಕ ಹೇಳ್ತಾಳಲ್ಲ."

"ಅಕ್ಕನ್ನ ಕೇಳ್ಲಿಲ್ಲ. ನಿಮ್ಮನ್ನ ಕೇಳಿದೆ."

ಅವರು ಎಣ್ಣೆಯ ಡಬ್ಬಿಯನ್ನು ಕೆಳಗಿಟ್ಟು, ಕೈಯನ್ನು ಬಟ್ಟೆಗೆ ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸಿದರು. "ಹಾಗೆಲ್ಲ ಹೇಳೋ ಪದ್ಧತಿ ಇಲ್ವಲ್ಲ ಇಂದೂ. ನಮ್ಮಪ್ಪನೂ ನಮ್ಮಮ್ಮನಿಗೆ ಯಾವತ್ತೂ ಹೇಳಿದವರಲ್ಲ."

"ಚೆನ್ನಾಗಿತ್ತಾ, ಇರಲಿಲ್ವಾ?"

"ಬೇಕರಿಯವನು ನಿನ್ನ ಥರಾನೇ ಮಾಡ್ತಾನೆ ಅಂದ್ಕೊಂಡಿದ್ದೆ" ಎಂದರು, ನೆಲ ನೋಡುತ್ತ.

ಅಂದರೆ ಬೇಕರಿಯಲ್ಲೂ ತಿಂದಿದ್ದರು. ಎರಡರ ರುಚಿಯೂ ಒಂದೇ ಎಂದು ಗೊತ್ತಾಗಿತ್ತು. ಊರೆಲ್ಲ ಹೊಗಳುತ್ತಿರುವುದು ಕಿವಿಗೆ ಬಿದ್ದಿತ್ತು. ಇಷ್ಟಾದರೂ ಮನೆಯಲ್ಲಿ ನಾನು ಹಿಟ್ಟು ಹಾಳಾಯಿತೆಂದು ಕಣ್ಣು ಒರೆಸಿಕೊಳ್ಳುವಾಗ ಪದ್ಧತಿ ಕಾಯುತ್ತ ಕೂತಿದ್ದರು. ಕಳ್ಳತನ ಮಾಡಿದವರಿಗಿಂತ ಪಕ್ಕದಲ್ಲಿ ಸುಮ್ಮನೆ ಕೂತವರ ಮೇಲೆ ಕೆಲವೊಮ್ಮೆ ಹೆಚ್ಚು ಸಿಟ್ಟು ಬರುತ್ತದೆ. ನಾನು ಅವರ ಜೊತೆ ಮಾತು ಬಿಟ್ಟೆ. ಅತ್ತಿಗೆಯ ಜೊತೆ ಬಿಡಲಿಲ್ಲ. ಅವರೆದುರು ನಗುತ್ತ, "ಈ ವಾರ ಇನ್ನೊಂದು ಸಲ ಪ್ರಯತ್ನ ಮಾಡ್ತೀನಿ ಅತ್ತಿಗೆ" ಎಂದೆ. "ಮಾಡು, ಮಾಡು. ಸ್ವಲ್ಪ ಜಾಸ್ತೀನೇ ಮಾಡು" ಎಂದರು.

ಆ ದಿನ ಹಿಟ್ಟು ಎಂದಿಗಿಂತ ಚೆನ್ನಾಗಿ ನಾದಿದೆ. ಸಿಟ್ಟಿನ ಕೈಗೆ ಹಿಟ್ಟು ಬೇಗ ಬಗ್ಗುತ್ತದೆ. ಪಾಕವನ್ನು ಎರಡು ಪಾತ್ರೆಗಳಲ್ಲಿ ಮಾಡಿದೆ. ಒಂದು ಎಂದಿನದು. ಇನ್ನೊಂದಕ್ಕೆ, ಹಿತ್ತಲಿನ ಗಿಡದಿಂದ ಮಡಿಲು ತುಂಬ ಸೂಜಿಮೆಣಸು ಕಿತ್ತು, ಅರೆದು, ಬಟ್ಟೆಯಲ್ಲಿ ಹಿಂಡಿ ಸೇರಿಸಿದೆ. ಸೂಜಿಮೆಣಸೆಂದರೆ ಬೆರಳುದ್ದವೂ ಇಲ್ಲದ, ಮುಟ್ಟಿದ ಕೈಯಿಂದ ಕಣ್ಣುಜ್ಜಿಕೊಂಡರೆ ದಿನವೆಲ್ಲ ಅಳಿಸುವ ಕಾಯಿ. ಹಳದಿ ರಸದಲ್ಲಿ ಅದು ಕಾಣಿಸಲೇ ಇಲ್ಲ. ಒಂದು ಡೋನಟ್ ಮಾತ್ರ ಮೊದಲಿನ ಪಾತ್ರೆಯಲ್ಲಿ ಅದ್ದಿ ಅತ್ತಿಗೆಗೆ ಕೊಟ್ಟೆ. ಅವರು ನಿಧಾನವಾಗಿ ತಿಂದರು, ಬೆರಳು ಚೀಪಿದರು, ಗೋಡೆಯ ಕಡೆ ನೋಡಿದರು.

"ಈ ಸಲಾನೂ ಹಿಟ್ಟು ಸರಿಯಾಗಿ ಉಬ್ಬಿಲ್ಲ. ಪರವಾಗಿಲ್ಲ ಬಿಡು, ಹಸುಗಳು ತಿಂತಾವೆ. ಸೀರೆ ಬದಲಾಯಿಸಿ ಬರ್ತೀನಿ, ಡಬ್ಬಿಗೆ ಹಾಕಿಡು."

ಅವರು ಸೀರೆ ಬದಲಾಯಿಸುವಷ್ಟರಲ್ಲಿ ಮಿಕ್ಕದ್ದೆಲ್ಲವನ್ನೂ ಎರಡನೇ ಪಾತ್ರೆಯಲ್ಲಿ ಅದ್ದಿ ಡಬ್ಬಿಗೆ ತುಂಬಿದೆ. ಅವರು ಬೀದಿಯ ತಿರುವು ದಾಟಿದ ಮೇಲೆ ನಾನೂ ಚಪ್ಪಲಿ ಮೆಟ್ಟಿ ಹೊರಟೆ. ಹಸುಗಳಿದ್ದ ಹಿಂದಿನ ಬೀದಿಯ ಕಡೆ ಅವರು ತಿರುಗಿಯೂ ನೋಡಲಿಲ್ಲ. ಮೊಣಕಾಲು ನೋವಿನವರು ಸರ್ಕಲ್ಲಿನ ಕಡೆ ಸರಸರನೆ ನಡೆದರು.

ಬೇಕರಿಯ ಮುಂದೆ ಜನ ಸೇರಿತ್ತು. ಗುರುಪಾದಪ್ಪ ಡಬ್ಬಿಯಿಂದ ಡೋನಟ್ ತೆಗೆದು ಗಾಜಿನ ಪೆಟ್ಟಿಗೆಯೊಳಗಿನ ಟ್ರೇಗೆ ಜೋಡಿಸುತ್ತಿದ್ದ. ಅತ್ತಿಗೆ ಒಳಗೆ ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ನನ್ನನ್ನು ಕಂಡ ಕೂಡಲೆ ಅವರ ಸೆರಗು ನಿಂತುಹೋಯಿತು.

"ಗುರುಪಾದಪ್ಪನೋರೇ, ಇದನ್ನ ಯಾರು ಮಾಡಿದ್ದು?" ಎಂದು ಕೇಳಿದೆ. ತೊದಲು ಬಾರದಿರಲೆಂದು ಒಂದೊಂದೇ ಮಾತನ್ನು ಬಿಡಿಸಿ ಹೇಳಿದೆ.

"ಇದೇನ್ ಕೇಳ್ತೀರಿ ಇಂದುಮತಿಯೋರೇ. ನಾನೇ. ಬೆಳಿಗ್ಗೆ ಎದ್ದು ಕರಿದದ್ದು."

"ಹಾಗಾದ್ರೆ ಎಲ್ಲರ ಮುಂದೆ ಒಂದು ತಿನ್ನಿ."

ಅವನು ಜನರ ಕಡೆ ನೋಡಿ ನಕ್ಕ. "ಮಾಡಿದವನು ತಿಂದು ಏನಮ್ಮ ಪ್ರಯೋಜನ?"

"ಪ್ರಯೋಜನ ಇಲ್ಲ ಅಂದ್ರೆ ತೊಂದರೇನೂ ಇಲ್ಲ. ತಿನ್ನಿ."

ಸಾಲಿನಲ್ಲಿ ನಿಂತವರು ಆಸಕ್ತಿಯಿಂದ ಮುಂದೆ ಬಂದರು. ಅವರಲ್ಲಿ ಊರಿಗೆಲ್ಲ ಹಿರಿಯರಾದ ಪಂಪಾಪತಿ ಮೇಷ್ಟ್ರೂ ಇದ್ದರು. ಅವರು ಕೊಡೆಯ ತುದಿಯಿಂದ ನೆಲ ಕುಟ್ಟಿ, "ಹೆಣ್ಣುಮಗಳು ಕೇಳ್ತಾ ಇದಾಳೆ, ತಿಂದುಬಿಡಪ್ಪ. ಮುಗೀತು" ಎಂದರು. ಸ್ಟೂಲಿನಿಂದ ಅತ್ತಿಗೆ, "ಗುರುಪಾದ, ಬೇಡ" ಎಂದರು. ಅವರಿಗೆ ಏನೋ ಹೊಳೆದಿತ್ತು. ಆದರೆ ಅಷ್ಟು ಜನರ ಮುಂದೆ ಬೇಡವೆನ್ನಲು ಅವನಿಗೆ ಕಾರಣವಿರಲಿಲ್ಲ. ಒಂದನ್ನು ಎತ್ತಿಕೊಂಡು, ಉಡಾಫೆಯಿಂದ, ಅರ್ಧಕ್ಕೂ ಹೆಚ್ಚು ಒಂದೇ ಸಲ ಬಾಯಿಗೆ ತುರುಕಿಕೊಂಡ.

ಒಂದೆರಡು ಸಲ ಅಗಿದ. ನಿಂತ. ಅವನ ಕತ್ತಿನಿಂದ ಹಣೆಯವರೆಗೆ ಕೆಂಪು ಏರಿತು. ತಡೆದುಕೊಳ್ಳಲು ನೋಡಿದ, ಅದನ್ನು ಒಪ್ಪಲೇಬೇಕು. ಹಲ್ಲು ಕಚ್ಚಿ, ಮೂಗು ಹಿಗ್ಗಿಸಿ, ಟ್ರೇಯ ಅಂಚು ಗಟ್ಟಿಯಾಗಿ ಹಿಡಿದು ನಿಂತ. ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಕೊನೆಗೆ ಬಿಕ್ಕಳಿಕೆ ಬಂದು, ಬಾಯಲ್ಲಿದ್ದುದನ್ನೆಲ್ಲ ಅಂಗೈಗೆ ಉಗಿದು, ನೀರಿನ ಕೊಡದ ಕಡೆ ಓಡಿದ. ಮೇಷ್ಟ್ರು ನಂಬಲಾರದೆ ಪಾಕದ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ, ಕೊಡೆಯನ್ನೇ ಕೈಬಿಟ್ಟು ಅವನ ಹಿಂದೆ ಓಡಿದರು.

ನಾನು ಟ್ರೇಯಿಂದ ಒಂದನ್ನು ತೆಗೆದುಕೊಂಡೆ. ಜನರ ಕಡೆ ತಿರುಗಿ ನಿಂತು, ಅವಸರ ಮಾಡದೆ, ಪೂರ್ತಿ ತಿಂದೆ. ನೀರು ಕೇಳಲಿಲ್ಲ. ಬೆರಳಿಗೆ ಅಂಟಿದ್ದನ್ನು ನೆಕ್ಕಿದೆ. ಕಣ್ಣು ಒಣಗಿತ್ತು. ಒದ್ದೆ ಹತ್ತಿಯನ್ನು ಅಷ್ಟು ಸಂತೋಷದಿಂದ ನಾನು ಎಂದೂ ನುಂಗಿರಲಿಲ್ಲ.

ಜನ ಒಬ್ಬೊಬ್ಬರಾಗಿ ನನ್ನಿಂದ ಅತ್ತಿಗೆಯ ಕಡೆಗೆ ಕಣ್ಣು ತಿರುಗಿಸಿದರು.

ಇಷ್ಟಾದ ಮೇಲೆ ಊರು ನನಗೆ ಏನು ಹೇಳಿತು ಕೇಳಿ. ಸಂಜೆಯೊಳಗೆ ಮೇಷ್ಟ್ರು ಮನೆಗೆ ಬಂದರು. ತುಟಿ ಇನ್ನೂ ಊದಿಕೊಂಡಿತ್ತು. ಕುರ್ಚಿಯಲ್ಲಿ ಕೂತು, "ಅವನು ಮಾಡಿದ್ದು ತಪ್ಪೇ. ಆದ್ರೆ ನೀನು ನಿನ್ನ ಮನೆ ನಾಲಿಗೆಯನ್ನ ಬೀದೀಲಿ ಸುಳ್ಳು ಮಾಡಿದೆಯಲ್ಲಮ್ಮ. ನಾಳೆ ಯಾವ ಅಡುಗೆಮನೇಲಿ ಯಾರು ಯಾರ ಮಾತು ನಂಬ್ತಾರೆ? ಕಟ್ಟಳೆ ಅಂತ ಒಂದಿದೆ" ಎಂದರು. ನನ್ನ ಗಂಡ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದರು.

"ಮೇಷ್ಟ್ರೇ, ನೀವು ನಮ್ಮ ಮನೇಲಿ ಊಟ ಮಾಡಿದೀರಲ್ಲ. ಹೇಗಿತ್ತು?" ಎಂದು ಕೇಳಿದೆ.

ಅವರು ಬಾಯಿ ತೆರೆದು ಹಾಗೇ ಮುಚ್ಚಿದರು.

"ನೋಡಿ. ಹೊಡೆದಿದ್ರೆ ಗಾಯ ತೋರಿಸ್ತಿದ್ದೆ. ನೀವೆಲ್ಲ ಸೇರ್ಕೊಂಡು ಹೊಟ್ಟೆತುಂಬ ಉಂಡು, ಕೈತೊಳೆದು, ಸುಮ್ಮನೆ ಎದ್ದು ಹೋದ್ರಿ. ನಿಮ್ಮ ಕಟ್ಟಳೆಯಿಂದಾನೇ ನನ್ನ ಅಡುಗೆ ಇನ್ನೊಬ್ಬನ ಪೆಟ್ಟಿಗೇಲಿ ಕೂತಿದ್ದು. ಇವತ್ತಿಂದ ನಮ್ಮ ಮನೇಲಿ ತಿನ್ನೋರು ಬಾಯಿಬಿಟ್ಟು ಹೇಳ್ಬೇಕು. ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅನ್ಲಿ. ಹೇಳೋಕಾಗಲ್ಲ ಅನ್ನೋರು ಅವರವರ ಮನೇಲಿ ಉಣ್ಲಿ." ಇಷ್ಟು ಉದ್ದ ಮಾತನ್ನು ತೊದಲದೆ ಹೇಳಿದ್ದು ನನಗೇ ಆಶ್ಚರ್ಯವಾಯಿತು. ಮೇಷ್ಟ್ರು ಕೊಡೆ ಹುಡುಕಿಕೊಂಡು ಎದ್ದರು. ಅವರು ಹೋದ ಮೇಲೆ ಬಾಗಿಲ ಹತ್ತಿರದಿಂದ ನನ್ನ ಗಂಡ ಕೆಮ್ಮಿ, ಗಂಟಲು ಸರಿಮಾಡಿಕೊಂಡು, "ನಿನ್ನ ಬದನೇಕಾಯಿ ಎಣಗಾಯಿ ನನಗೆ ತುಂಬಾ ಇಷ್ಟ" ಎಂದರು. ಹಾಗೆ ಹೇಳುವಾಗ ಮದುವಣಿಗನ ಹಾಗೆ ಬೆವರಿದ್ದರು. ಇಷ್ಟು ತಡವಾಗಿ ಬಂದದ್ದಕ್ಕೆ ಅಷ್ಟು ಬೇಗ ಬಾಗಿಲು ತೆಗೆಯಲು ನನಗೆ ಮನಸ್ಸಿರಲಿಲ್ಲ.

ಅತ್ತಿಗೆ ಎರಡು ದಿನ ತಮ್ಮ ಕೋಣೆಯಿಂದ ಹೊರಗೆ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು ಡೋನಟ್ ಮಾಡಿದೆ. ಎಂದಿನ ಪಾಕ, ಎಂದಿನ ಹದ. ಅಡುಗೆಮನೆಯ ಬಾಗಿಲನ್ನು ಬೀದಿಯವರೆಗೂ ಕಾಣುವಂತೆ ತೆರೆದಿಟ್ಟು, ಒಲೆಯ ಪಕ್ಕ ಮಣೆ ಹಾಕಿ, ಅತ್ತಿಗೆಯನ್ನು ಕರೆದೆ. ಬಂದು ಕೂತರು. ಬೆನ್ನು ಎಂದಿನಂತೆ ನೆಟ್ಟಗಿರಲಿಲ್ಲ.

"ಯಾಕೆ ಹೀಗೆ ಮಾಡಿದ್ರಿ?" ಎಂದೆ.

ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತ ಹೇಳಿದರು: "ಅವರು ಹಾಕಿದ ಬೇಕರಿ ಕಣೇ. ಗುರುಪಾದನ ಕೈಲಿ ಮುಚ್ಚಿಹೋಗ್ತಾ ಇತ್ತು. ಆ ಒಲೆ ಆರಿಹೋಗೋದನ್ನ ನೋಡೋಕಾಗ್ಲಿಲ್ಲ."

"ಅದು ಡೋನಟ್ ವಿಷಯ. ಅದಕ್ಕೆ ಮುಂಚೆ? ನಾನು ಬಂದ ದಿನದಿಂದ ಹೇಳ್ತಾ ಬಂದ್ರಲ್ಲ, ಪರವಾಗಿಲ್ಲ, ಪರವಾಗಿಲ್ಲ. ಅದು ಯಾಕೆ?"

"ನೀನು ಬಂದ ದಿನ ಒಂದು ತಿಳಿಸಾರು ಮಾಡಿದ್ದೆ. ಅದನ್ನ ಬಾಯಿಗೆ ಬಿಟ್ಕೊಂಡ ಕೂಡಲೇ ಗೊತ್ತಾಯ್ತು. ಇವಳಿಗೆ ನಾಲಿಗೆ ಬೇಡ, ಇವಳ ಕೈಗೇ ಎಲ್ಲ ಗೊತ್ತು ಅಂತ. ಹಾಗಂತ ಹೇಳಿಬಿಟ್ಟಿದ್ರೆ ಈ ಮನೇಲಿ ನಾನು ಯಾರು? ತಮ್ಮನ ಮನೇಲಿ ಅನ್ನ ತಿನ್ನೋ ಹೆಂಗಸು. ನನಗೆ ಇದ್ದದ್ದು ಈ ಮಣೆ ಒಂದೇ ಇಂದುಮತಿ."

ನನಗೆ ಮರುಕ ಬಂತೆಂದು ನೀವು ಕಾಯುತ್ತಿರಬಹುದು. ಬಂತು, ಇಲ್ಲವೆನ್ನುವುದಿಲ್ಲ, ಸಿಟ್ಟಿನ ಪಕ್ಕದಲ್ಲಿ ಬಂದು ನಿಂತಿತು. ಸಿಟ್ಟು ಜಾಗ ಬಿಟ್ಟುಕೊಡಲಿಲ್ಲ. ಒಬ್ಬರ ಮಣೆ ಉಳಿಯಲೆಂದು ಇನ್ನೊಬ್ಬಳು ತನ್ನ ಕೈಯನ್ನೇ ಮೊಂಡು ಎಂದು ನಂಬಿಕೊಂಡು ಎಷ್ಟು ಕಾಲ ಬದುಕಬೇಕಾಗಿತ್ತು? ಇದೇ ಮಾತನ್ನು ಅವರಿಗೂ ಹೇಳಿದೆ.

ಡೋನಟ್ಟಿನ ತಟ್ಟೆಯನ್ನು ಅವರ ಮುಂದೆ ಸರಿಸಿದೆ. "ನನಗೆ ಗೊತ್ತಾಗೋದಿಲ್ಲ. ಸುಳ್ಳು ಹೇಳಿದ್ರೂ ಗೊತ್ತಾಗೋದಿಲ್ಲ. ಆದ್ರೆ ಇನ್ನು ನಿಮ್ಮೊಬ್ಬರನ್ನೇ ಕೇಳೋಳಲ್ಲ, ಬೀದೀಲಿ ಹೋಗೋರನ್ನೆಲ್ಲ ಕರೆದು ಕೇಳ್ತೀನಿ. ಮೊದಲು ನೀವು ಹೇಳಿ."

ಅತ್ತಿಗೆ ಒಂದನ್ನು ತೆಗೆದುಕೊಂಡು ಕಚ್ಚಿದರು. ಗೋಡೆಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು.

"ಮೇಲಿನ ಪಾಕ ಹಲ್ಲಿಗೆ ತಾಕಿ ಚಟ್ ಅಂತ ಒಡೆಯುತ್ತೆ" ಎಂದರು. "ಒಡೆದಾಗ ಹುಳಿ ಕಿವಿಯ ಹಿಂದಕ್ಕೆ ಹತ್ತುತ್ತೆ, ಬೇಸಿಗೇಲಿ ತಣ್ಣೀರು ಮುಖಕ್ಕೆ ಎರಚಿದ ಹಾಗೆ. ಅಷ್ಟರಲ್ಲಿ ಒಳಗಿನ ಹಿಟ್ಟು ಕರಗಿ ಬರುತ್ತೆ, ಬೆಚ್ಚಗೆ. ಮೊಸರು ಹಾಕಿದೀಯಲ್ಲ, ಅದರದ್ದು ಸಣ್ಣಗೆ ಒಂದು ಹುಳಿ ಬೇರೆ, ಹಣ್ಣಿನ ಹುಳಿಗೆ ತಂಗಿಯ ಹಾಗೆ. ಎಲ್ಲ ನುಂಗಿದ ಮೇಲೆ ಜಾಯಿಕಾಯಿ ಒಂದು ಗಳಿಗೆ ಉಳಿದಿರುತ್ತೆ."

ಮಿಕ್ಕದ್ದನ್ನೂ ಬಾಯಿಗಿಟ್ಟುಕೊಂಡರು. ನನಗೆ ಏನೋ ಆಗುತ್ತಿತ್ತು, ಆದರೆ ಅದನ್ನು ಅವರಿಗೆ ತೋರಿಸಿಕೊಡಲು ನಾನು ಸಿದ್ಧಳಿರಲಿಲ್ಲ. ಬೀದಿಯಿಂದ ಕನಕಮ್ಮ ನಮ್ಮ ತೆರೆದ ಬಾಗಿಲಿನೊಳಗೆ ಹಣಕಿ ನೋಡುತ್ತಿದ್ದರು.

"ಮುಂದೆ?" ಎಂದೆ.

"ಡೋನಟ್ ಇಷ್ಟೇ ಕಣೇ."

"ಡೋನಟ್ ಆಯ್ತು. ಆ ಮೊದಲ ದಿನದ ತಿಳಿಸಾರು ಹೇಗಿತ್ತು, ಅದನ್ನ ಹೇಳಿ. ಆಮೇಲೆ ಮಾರನೇ ದಿನದ್ದು. ಒಂದೂ ಬಿಡಬೇಡಿ."

ನಾನು ಒಲೆ ಆರಿಸಿ, ಅವರ ಎದುರು ನೆಲದ ಮೇಲೆ ಕೂತೆ.